ಪೋಸ್ಟಿಂಗ್ ಕೊನೆಗೆ ಎಲ್ಲರಿಗೂ ಏಳು ಅಂಕ: ವಾರ್ಡಿನಲ್ಲಿ ಕಲಿಯುವವರನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾನು ಮೆಡಿಸಿನ್ ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ಪೋಸ್ಟಿಂಗ್, ಅಂದರೆ ಅವರು ನಮ್ಮ ವಾರ್ಡಿನಲ್ಲಿ ಕಲಿಯುವ ಅವಧಿ, ಮುಗಿಯುವ ಹೊತ್ತಿಗೆ ಒಂದು ಫಾರಂ ಕೈಗೆ ಬರುತ್ತದೆ. ಜ್ಞಾನ, ಕೌಶಲ, ನಡವಳಿಕೆ, ಪ್ರತಿಯೊಂದಕ್ಕೂ ಹತ್ತರಲ್ಲಿ ಇಷ್ಟು ಅಂತ ಅಂಕ ಕೊಡಬೇಕು. ನಿಜ ಹೇಳಬೇಕೆಂದರೆ ಹೆಚ್ಚಿನವರಿಗೆ ಏಳು ಹಾಕಿ ಸಹಿ ಮಾಡುತ್ತೇನೆ. ಈ ಸಲ ಒಬ್ಬ ವಿದ್ಯಾರ್ಥಿ ಇದ್ದಾನೆ. ಏನು ಕೇಳಿದರೂ ಪಟಪಟ ಉತ್ತರ ಕೊಡುತ್ತಾನೆ. ಕೇಸ್ ಪ್ರೆಸೆಂಟೇಶನ್ (ರೋಗಿಯ ವಿವರ ನಮ್ಮ ಮುಂದೆ ಹೇಳುವುದು) ಅಚ್ಚುಕಟ್ಟು. ಆದರೆ ರೋಗಿಯ ಹತ್ತಿರ ಹೋದಾಗ ಏನೋ ಸರಿ ಇಲ್ಲ ಅನಿಸುತ್ತದೆ. ಫೇಲ್ ಮಾಡಲು ಆಧಾರ ಇಲ್ಲ, ಪಾಸ್ ಮಾಡಲು ಮನಸ್ಸಿಲ್ಲ. ಪೋಸ್ಟಿಂಗ್ ಮುಗಿಯಲು ಇನ್ನು ಎರಡು ವಾರ ಇದೆ. ಒಂದು ಒಳ್ಳೆಯ ಚೆಕ್‌ಲಿಸ್ಟ್ ಇದ್ದರೆ ಸಮಸ್ಯೆ ಬಗೆಹರಿಯುತ್ತದಾ?

ಉತ್ತರ: ಚೆಕ್‌ಲಿಸ್ಟ್ ವಿಷಯಕ್ಕೆ ಖಂಡಿತ ಬರುತ್ತೇನೆ. ಅದಕ್ಕೂ ಮೊದಲು ನಿಮಗೊಂದು ಪ್ರಶ್ನೆ. ಈ ವಿದ್ಯಾರ್ಥಿ ರೋಗಿಯ ಜೊತೆ ಮಾತು ಶುರು ಮಾಡಿದಾಗಿನಿಂದ ಪರೀಕ್ಷೆ ಮುಗಿಸಿ ಎದ್ದು ಬರುವ ತನಕ ನೀವು ಪಕ್ಕದಲ್ಲಿ ನಿಂತು ಪೂರ್ತಿ ನೋಡಿದ್ದು ಎಷ್ಟು ಸಲ? ಹೆಚ್ಚಿನ ವಾರ್ಡುಗಳಲ್ಲಿ ಇದಕ್ಕೆ ಬರುವ ಉತ್ತರ "ಒಮ್ಮೆಯೂ ಇಲ್ಲ" ಅಥವಾ "ಪರೀಕ್ಷೆಯ ದಿನ ಸ್ವಲ್ಪ ಹೊತ್ತು". ಇದಕ್ಕೆ ನಿಮ್ಮೊಬ್ಬರನ್ನೇ ದೂರುವ ಹಾಗಿಲ್ಲ. ರೌಂಡ್ಸ್ ಇರುತ್ತದೆ, ಹೊಸ ಅಡ್ಮಿಷನ್ ಬರುತ್ತದೆ, ಡಿಸ್ಚಾರ್ಜ್ ಬರೆಯಬೇಕು. ವಿದ್ಯಾರ್ಥಿ ತಾನೇ ಹೋಗಿ ರೋಗಿಯನ್ನು ಮಾತಾಡಿಸಿ ಬರುತ್ತಾನೆ. ಆಮೇಲೆ ಅವನು ಬಂದು ಹೇಳುವುದನ್ನು ನಾವು ಕೇಳುತ್ತೇವೆ. ಏಳು ಅಂಕ ಹುಟ್ಟುವುದು ಅಲ್ಲೇ. ಕಣ್ಣಾರೆ ನೋಡಿದ್ದು ಏನೂ ಇಲ್ಲದಿದ್ದಾಗ, ಯಾರಿಗೂ ಅನ್ಯಾಯ ಆಗದಿರಲಿ ಅಂತ ಪೆನ್ನು ನಡುವಿಗಿಂತ ಒಂದು ಮೆಟ್ಟಿಲು ಮೇಲೆ ಹೋಗಿ ನಿಲ್ಲುತ್ತದೆ.

ಹೇಳಿದ್ದಕ್ಕೂ ಮಾಡಿದ್ದಕ್ಕೂ ಎಷ್ಟು ಅಂತರ ಇರಬಹುದು ನೋಡಿ. ಎದೆನೋವು ಅಂತ ಬಂದ ರೋಗಿ. ಒಬ್ಬ ವಿದ್ಯಾರ್ಥಿ ಕೇಸ್ ಶೀಟ್ ಮೇಲೆ ಕಣ್ಣಿಟ್ಟುಕೊಂಡೇ ಕೇಳುತ್ತಾನೆ: "ನೋವು ಕೈಗೆ ಹೋಗಲ್ಲ ಅಲ್ವಾ? ಬೆವರು ಬಂದಿಲ್ಲ ಅಲ್ವಾ?" ರೋಗಿಗೆ ಸುಸ್ತು. ಸುಮ್ನೆ ತಲೆ ಆಡಿಸುತ್ತಾರೆ. ಇನ್ನೊಬ್ಬಳು ಕುರ್ಚಿ ಎಳೆದುಕೊಂಡು ಕೂತು, "ನೋವು ಎಲ್ಲಿ ಶುರುವಾಗುತ್ತೆ, ಎಲ್ಲಿಗೆ ಹೋಗುತ್ತೆ, ಕೈಯಲ್ಲೇ ತೋರಿಸಿ" ಅನ್ನುತ್ತಾಳೆ. ರೋಗಿ ಎದೆಯ ನಡುವೆ ಮುಷ್ಟಿ ಇಟ್ಟು, ಅಲ್ಲಿಂದ ದವಡೆವರೆಗೆ ಕೈ ಎಳೆಯುತ್ತಾರೆ. ಆಮೇಲೆ ನಿಮ್ಮ ಮುಂದೆ ಇಬ್ಬರೂ ಕೇಸ್ ಹೇಳುತ್ತಾರೆ. "ನೋವು ಹರಡುವುದಿಲ್ಲ, ಬೆವರಿಲ್ಲ, ವಾಂತಿಯಿಲ್ಲ" ಅಂತ ಮೊದಲನೆಯವನು ತಡವರಿಸದೆ ಹೇಳಿ ಮುಗಿಸುತ್ತಾನೆ. ಎರಡನೆಯವಳು ದವಡೆ ನೋವಿನ ಬಗ್ಗೆ ಹೇಳುವಾಗ ಒಂದೆರಡು ಕಡೆ ನಿಲ್ಲುತ್ತಾಳೆ. ಬರೀ ಕೇಳಿಸಿಕೊಂಡು ಅಂಕ ಕೊಟ್ಟರೆ ಜಾಸ್ತಿ ಅಂಕ ಯಾರಿಗೆ ಹೋಗುತ್ತದೆ ಅಂತ ನಿಮಗೇ ಗೊತ್ತು. ಆ ರೋಗಿಗೆ ಹೃದಯಾಘಾತ ಆಗುತ್ತಿದೆ ಅನ್ನುವ ಸುಳಿವು ಸಿಕ್ಕಿದ್ದು ಮಾತ್ರ ಎರಡನೆಯವಳಿಗೆ.

ನಿಮ್ಮ ವಿದ್ಯಾರ್ಥಿ ಆ ಮೊದಲನೆಯವನ ಥರದವನೇ ಇರಬಹುದು. ಬೇರೆ ಏನೋ ಇರಲೂಬಹುದು. "ಏನೋ ಸರಿ ಇಲ್ಲ" ಅನ್ನುವ ಅನಿಸಿಕೆಯನ್ನು ತಳ್ಳಿಹಾಕಬೇಡಿ, ವರ್ಷಗಟ್ಟಲೆ ರೋಗಿಗಳನ್ನು ನೋಡಿದ ಕಣ್ಣಿಗೆ ಏನೋ ಕಂಡಿದೆ ಅಂತ ಅರ್ಥ. ಆದರೆ ಅದು ಇನ್ನೂ ಆಧಾರ ಆಗಿಲ್ಲ. ಅದನ್ನು ಆಧಾರ ಮಾಡುವ ಕೆಲಸ ಈ ಎರಡು ವಾರದಲ್ಲಿ ಆಗಬೇಕು.

ಅಮೆರಿಕದ ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಕಲಿಕೆಯನ್ನು ನಾಲ್ಕು ಮೆಟ್ಟಿಲ ಪಿರಮಿಡ್ಡಾಗಿ ಬಿಡಿಸಿ ತೋರಿಸಿದರು. ಕೆಳಗೆ "ಗೊತ್ತಿದೆ". ಅದರ ಮೇಲೆ "ಹೇಗೆ ಮಾಡಬೇಕು ಅಂತ ಗೊತ್ತಿದೆ". ಮೂರನೆಯದು "ಮಾಡಿ ತೋರಿಸಬಲ್ಲರು". ತುದಿಯಲ್ಲಿ "ದಿನನಿತ್ಯ ಮಾಡುತ್ತಾರೆ". ಬಹು ಆಯ್ಕೆ ಪ್ರಶ್ನೆ ಕೆಳಗಿನ ಮೆಟ್ಟಿಲನ್ನು ಅಳೆಯುತ್ತದೆ. ವೈವಾ (ಮೌಖಿಕ ಪರೀಕ್ಷೆ), ಕೇಸ್ ಪ್ರೆಸೆಂಟೇಶನ್ ಎರಡನೆಯದನ್ನು. ನಟಿಸುವ ರೋಗಿ ಅಥವಾ ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಇಟ್ಟು ನಡೆಸುವ ಸ್ಟೇಷನ್ ಪರೀಕ್ಷೆ ಮೂರನೆಯದನ್ನು. ತುದಿಯ ಮೆಟ್ಟಿಲು ಕಾಣುವುದು ವಾರ್ಡಿನಲ್ಲಿ, ನಿಜವಾದ ರೋಗಿಯ ಪಕ್ಕದಲ್ಲಿ ಮಾತ್ರ. ಅಂದರೆ ನೀವು ನಿಂತಿರುವ ಜಾಗ ಬೇರೆ ಯಾವ ಪರೀಕ್ಷಾ ಹಾಲ್‌ನಲ್ಲೂ ಸಿಗುವಂಥದ್ದಲ್ಲ. ಅಂಥ ಜಾಗದಲ್ಲಿ ನಿಂತುಕೊಂಡು ಮತ್ತೆ ವೈವಾ ಪ್ರಶ್ನೆಗಳನ್ನೇ ಕೇಳಿ ಅಂಕ ಕೊಡುವುದು ನಿಜಕ್ಕೂ ನಷ್ಟ.

ಸರಿ, ಹಾಗಾದರೆ ಒಂದು ದಿನ ಬಿಡುವು ಮಾಡಿಕೊಂಡು ಒಂದು ಕೇಸನ್ನು ಪೂರ್ತಿ ನೋಡಿ ತೀರ್ಮಾನ ಮಾಡಬಹುದಾ? ಆಗುವುದಿಲ್ಲ. 1978ರಲ್ಲಿ ಆರ್ಥರ್ ಎಲ್‌ಸ್ಟೀನ್ ಮತ್ತು ಜೊತೆಗಾರರು ವೈದ್ಯರು ರೋಗ ಪತ್ತೆಗೆ ಹೇಗೆ ಯೋಚಿಸುತ್ತಾರೆ ಅನ್ನುವ ದೊಡ್ಡ ಅಧ್ಯಯನ ಪ್ರಕಟಿಸಿದರು. ಒಂದು ಕೇಸಿನಲ್ಲಿ ಚೆನ್ನಾಗಿ ಮಾಡಿದವರು ಇನ್ನೊಂದು ಕೇಸಿನಲ್ಲೂ ಚೆನ್ನಾಗಿ ಮಾಡುತ್ತಾರೆ ಅಂತ ಹೇಳಲು ಬರುವುದಿಲ್ಲ ಅನ್ನುವುದು ಅದರಿಂದ ಗೊತ್ತಾಯಿತು. ಆಮೇಲಿನ ಎಷ್ಟೋ ಅಧ್ಯಯನಗಳಲ್ಲೂ ಇದೇ ಕಂಡಿದೆ. ಆಸ್ತಮಾ ರೋಗಿಯನ್ನು ಅದ್ಭುತವಾಗಿ ನೋಡಿದ ವಿದ್ಯಾರ್ಥಿ, ಗೊಂದಲದಲ್ಲಿರುವ ವಯಸ್ಸಾದ ರೋಗಿಯ ಮುಂದೆ ತಬ್ಬಿಬ್ಬಾಗಬಹುದು. ಒಂದೇ ಲಾಂಗ್ ಕೇಸ್ (ಒಬ್ಬ ರೋಗಿಯನ್ನು ಪೂರ್ತಿ ನೋಡಿ ಹೇಳುವ ಪರೀಕ್ಷೆ) ಇಟ್ಟು ಪಾಸು ಫೇಲು ಹೇಳುವ ಹಳೆಯ ಪದ್ಧತಿಯ ದೊಡ್ಡ ದೋಷವೇ ಇದು. ಅಲ್ಲಿ ಫಲಿತಾಂಶ ವಿದ್ಯಾರ್ಥಿಯ ಶಕ್ತಿಗಿಂತ ಅವತ್ತು ಯಾವ ರೋಗಿ ಸಿಕ್ಕರು, ಯಾವ ಪರೀಕ್ಷಕರು ಸಿಕ್ಕರು ಅನ್ನುವುದರ ಮೇಲೆ ನಿಂತುಬಿಡುತ್ತದೆ.

ಆದ್ದರಿಂದ ಉದ್ದಕ್ಕಿಂತ ಸಂಖ್ಯೆ ಮುಖ್ಯ. ಚಿಕ್ಕ ಚಿಕ್ಕ ಅವಧಿ, ಬೇರೆ ಬೇರೆ ರೋಗಿಗಳು, ಬೇರೆ ಬೇರೆ ನೋಡುಗರು. ಇದಕ್ಕೆಂದೇ ಇರುವ ಸಾಧನ ಮಿನಿ-ಸಿಇಎಕ್ಸ್, ಅಂದರೆ ರೋಗಿಯ ಪಕ್ಕದಲ್ಲೇ ನಡೆಯುವ ಚಿಕ್ಕ ಕ್ಲಿನಿಕಲ್ ಪರೀಕ್ಷೆ. ಅಮೆರಿಕನ್ ಬೋರ್ಡ್ ಆಫ್ ಇಂಟರ್ನಲ್ ಮೆಡಿಸಿನ್‌ನಲ್ಲಿದ್ದ ಜಾನ್ ನಾರ್ಸಿನಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ರೂಪಿಸಿದರು. ಅದಕ್ಕೆ ಮುಂಚೆ ಒಬ್ಬ ರೋಗಿಯನ್ನಿಟ್ಟುಕೊಂಡು ಸುಮಾರು ಎರಡು ಗಂಟೆ ನಡೆಯುವ ಪರೀಕ್ಷೆ ಇತ್ತು. ಅದನ್ನು ಇವರು ಹದಿನೈದು ಇಪ್ಪತ್ತು ನಿಮಿಷಕ್ಕೆ ಇಳಿಸಿದರು. ವಿದ್ಯಾರ್ಥಿ ರೋಗಿಯ ಜೊತೆ ಮಾಡುವ ಒಂದು ತುಂಡು ಕೆಲಸವನ್ನು ನೀವು ನೋಡುತ್ತೀರಿ, ಐದು ನಿಮಿಷ ಮಾತಾಡುತ್ತೀರಿ, ಒಂದು ಹಾಳೆ ತುಂಬುತ್ತೀರಿ. ಮಾತಾಡಿಸುವುದು, ದೇಹ ಪರೀಕ್ಷೆ, ಮಾನವೀಯತೆ, ವಿವೇಚನೆ, ತಿಳಿಹೇಳುವುದು, ಅಚ್ಚುಕಟ್ಟು, ಒಟ್ಟಾರೆ ಹೇಗಿತ್ತು, ಹೀಗೆ ಏಳು ಅಂಶ ಅದರಲ್ಲಿರುತ್ತವೆ. ಪ್ರತಿ ಸಲ ಏಳನ್ನೂ ತುಂಬಬೇಕೆಂದಿಲ್ಲ. ಒಂದೆರಡು ಹಾಳೆಯಿಂದ ಏನೂ ಹೇಳಲಾಗದು. ಎಂಟು ಹತ್ತು ಆದಾಗ ಚಿತ್ರ ಗಟ್ಟಿಯಾಗುತ್ತದೆ. ಪಾಸು ಫೇಲಿನ ಗಡಿಯಲ್ಲಿ ಇರುವವರಿಗೆ ಇನ್ನೂ ಜಾಸ್ತಿ ಬೇಕು.

"ಸಮಯ ಎಲ್ಲಿದೆ?" ಅಂತ ನೀವು ಕೇಳುತ್ತೀರಿ ಅಂತ ಗೊತ್ತು. ಇದಕ್ಕೆ ಬೇರೆ ಸಮಯ ತೆಗೆಯಲು ಹೋದರೆ ಎಂದೂ ಆಗುವುದಿಲ್ಲ. ರೌಂಡ್ಸ್‌ನಲ್ಲೇ ಮಾಡಿ. ಹತ್ತು ರೋಗಿಗಳಲ್ಲಿ ಒಬ್ಬರನ್ನು ಆರಿಸಿ, "ಇವತ್ತು ಇವರಿಗೆ ಇನ್ಹೇಲರ್ ಹೇಗೆ ಎಳೆದುಕೊಳ್ಳಬೇಕು ಅಂತ ನೀನೇ ಹೇಳಿಕೊಡು, ನಾನು ನೋಡ್ತೀನಿ" ಅನ್ನಿ. ಆಮೇಲೆ ನೀವು ಮಾಡಬೇಕಾದ ಅತಿ ಕಷ್ಟದ ಕೆಲಸ ಒಂದಿದೆ: ಬಾಯಿ ಹಾಕದೆ ನಿಲ್ಲುವುದು. ರೋಗಿ ನಿಮ್ಮ ಕಡೆ ತಿರುಗಿ ಮಾತಾಡಲು ಶುರು ಮಾಡುತ್ತಾರೆ. ಆದ್ದರಿಂದ ಅವರ ಕಣ್ಣಿಗೆ ನೇರ ಬೀಳದ ಹಾಗೆ, ಸ್ವಲ್ಪ ಹಿಂದೆ ಸರಿದು ನಿಲ್ಲಿ. ರೋಗಿಗೆ ಅಪಾಯ ಆಗುವಂಥದ್ದು ಕಂಡರೆ ಮಾತ್ರ ತಡೆಯಿರಿ. ಮೊದಲೇ ರೋಗಿಯ ಒಪ್ಪಿಗೆ ಕೇಳಿ. "ಇವರು ಕಲಿಯುತ್ತಿದ್ದಾರೆ, ನಾನು ಜೊತೆಗೇ ಇರ್ತೀನಿ" ಅಂತ ಬಿಡಿಸಿ ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಒಪ್ಪದಿದ್ದರೆ ಅಲ್ಲಿಗೆ ಬಿಡಿ, ಬೇರೆ ರೋಗಿಯನ್ನು ನೋಡಿ.

ಈಗ ಚೆಕ್‌ಲಿಸ್ಟ್. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಓಎಸ್‌ಸಿಇ ಪರೀಕ್ಷೆಯನ್ನು ಜಗತ್ತಿಗೆ ಪರಿಚಯಿಸಿದರು. ನಾವೆಲ್ಲ "ಆಸ್ಕಿ" ಅನ್ನುತ್ತೇವಲ್ಲ, ಅದೇ. ಸ್ಟೇಷನ್‌ನಿಂದ ಸ್ಟೇಷನ್‌ಗೆ ಹೋಗುವುದು, ಪ್ರತಿಯೊಂದರಲ್ಲೂ ನಿಗದಿತ ನಿಮಿಷ, ಪರೀಕ್ಷಕರ ಕೈಯಲ್ಲಿ ಚೆಕ್‌ಲಿಸ್ಟ್. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆ ಅನ್ನುವ ದೊಡ್ಡ ನ್ಯಾಯ ಇದರಿಂದ ಬಂತು. ಆದರೆ ಕಾಲ ಕಳೆದಂತೆ ಒಂದು ವಿಚಿತ್ರ ಕಂಡಿತು. ಬ್ರಯನ್ ಹಾಡ್ಜಸ್, ಗ್ಲೆನ್ ರೆಗೆಹ್ರ್ ಮತ್ತು ಇತರರು ಕೆನಡಾದಲ್ಲಿ 1990ರ ದಶಕದ ಕೊನೆಗೆ ಮಾಡಿದ ಅಧ್ಯಯನದಲ್ಲಿ, ಅನುಭವಿ ವೈದ್ಯರಿಗೆ ಚೆಕ್‌ಲಿಸ್ಟ್‌ನಲ್ಲಿ ಕಲಿಯುವವರಿಗಿಂತ ಕಡಿಮೆ ಅಂಕ ಬಂದಿತ್ತು. ಯಾಕೆಂದರೆ ಅನುಭವಿಗಳು ಪಟ್ಟಿಯ ಎಲ್ಲ ಪ್ರಶ್ನೆ ಕೇಳುವುದಿಲ್ಲ. ನಾಲ್ಕು ಮಾತಿನಲ್ಲಿ ದಾರಿ ಹಿಡಿಯುತ್ತಾರೆ, ಬೇಡದ್ದನ್ನು ಬಿಡುತ್ತಾರೆ. ಬಿಟ್ಟದ್ದಕ್ಕೆಲ್ಲ ಚೆಕ್‌ಲಿಸ್ಟ್ ಅಂಕ ಕತ್ತರಿಸುತ್ತದೆ. ನಿಮ್ಮ ಪಟಪಟ ವಿದ್ಯಾರ್ಥಿಗೆ ಇಂಥ ಪಟ್ಟಿ ಕೊಟ್ಟರೆ ಅದರಲ್ಲೂ ಅವನು ಮುಂದೆ ಬರುತ್ತಾನೆ ಅನ್ನುವುದು ನನ್ನ ಊಹೆ. ಬಾಯಿಪಾಠ ಮಾಡಿದವರಿಗೆ ಪಟ್ಟಿ ಹೇಳಿ ಮಾಡಿಸಿದ ಹಾಗಿರುತ್ತದೆ.

ಹಾಗಂತ ಚೆಕ್‌ಲಿಸ್ಟ್ ಬಿಸಾಡಬೇಡಿ. ಹಂತ ತಪ್ಪಿದರೆ ರೋಗಿಗೆ ತೊಂದರೆ ಆಗುವ ಕೆಲಸಗಳಿಗೆ ಅದು ಬೇಕೇ ಬೇಕು. ಕ್ಯಾನುಲಾ (ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ) ಹಾಕುವುದನ್ನೇ ತೆಗೆದುಕೊಳ್ಳಿ. ರೋಗಿಯ ಹೆಸರು ಕೇಳಿ ಮಣಿಕಟ್ಟಿನ ಪಟ್ಟಿ ನೋಡಿದರಾ? ಕೈ ತೊಳೆದರಾ? ಚರ್ಮ ಒರೆಸಿದ ಮೇಲೆ ಒಣಗಲು ಬಿಟ್ಟರಾ? ವೇನ್ ಸಿಗುತ್ತಾ ಅಂತ, ಒರೆಸಿದ ಜಾಗವನ್ನೇ ಮತ್ತೆ ಬೆರಳಿಟ್ಟು ಒತ್ತಿ ನೋಡಿದರಾ? ಈ ಕೊನೆಯದನ್ನು ಗಮನವಿಟ್ಟು ನೋಡಿ. ಸುಮಾರು ಜನ ಮಾಡುತ್ತಾರೆ, ಮಾಡಿದ್ದು ಅವರಿಗೇ ಗೊತ್ತಿರುವುದಿಲ್ಲ. ಸೂಜಿ ಹೊರಗೆ ಎಳೆಯುವ ಮೊದಲು ಟೂರ್ನಿಕೆಟ್ (ಕೈಗೆ ಬಿಗಿದ ಪಟ್ಟಿ) ಬಿಚ್ಚಿದರಾ? ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋದರಾ, ಇಲ್ಲ ನೇರ ಶಾರ್ಪ್ಸ್ ಡಬ್ಬಿಗೆ ಹಾಕಿದರಾ? ಇಲ್ಲಿ ಒಂದು ಎಚ್ಚರ ಬೇಕು. ಹದಿನೈದು ಹಂತ, ಹಂತಕ್ಕೊಂದು ಅಂಕ ಅಂತ ಹಾಕಿದರೆ, ರೋಗಿಯನ್ನೇ ಅದಲು ಬದಲು ಮಾಡಿದವರಿಗೂ ಹದಿನೈದಕ್ಕೆ ಹದಿನಾಲ್ಕು ಬರುತ್ತದೆ. ಗುರುತು ಖಚಿತಪಡಿಸುವುದು, ಸೋಂಕು ತಡೆ, ಸೂಜಿ ವಿಲೇವಾರಿ, ಇಂಥವನ್ನು "ಇದು ತಪ್ಪಿದರೆ ಇವತ್ತು ಪಾಸ್ ಇಲ್ಲ" ಅಂತ ಬೇರೆಯಾಗಿ ಗುರುತು ಹಾಕಿಡಿ. ಉಳಿದವು ಮುಂದಿನ ಸಲಕ್ಕೆ ತಿದ್ದಿಕೊಳ್ಳುವಂಥವು.

ಮಾತುಕತೆ, ವಿವೇಚನೆ, ತಿಳಿಹೇಳುವುದು ಇವಕ್ಕೆ ಅನುಭವಿಗಳ ಒಟ್ಟಾರೆ ತೀರ್ಪೇ ಮೇಲು. "ಅದು ಬರೀ ಅನಿಸಿಕೆ, ವಸ್ತುನಿಷ್ಠ ಅಲ್ಲ" ಅನ್ನುವ ಆಕ್ಷೇಪ ಬರುತ್ತದೆ. ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಕೀಸ್ ವಾನ್ ಡರ್ ವ್ಲೂಟನ್ ಅವರ ಗುಂಪು ಬಹಳ ಹಿಂದೆಯೇ ಇದನ್ನು ಪರಿಶೀಲಿಸಿದೆ. ಪಟ್ಟಿ ಎಷ್ಟು ಬಿಗಿಯಾಗಿದೆ ಅನ್ನುವುದರಿಂದ ಫಲಿತಾಂಶ ನಂಬಿಕೆಗೆ ಅರ್ಹ ಆಗುವುದಿಲ್ಲ, ಎಷ್ಟು ಕೇಸು, ಎಷ್ಟು ಹೊತ್ತು, ಎಷ್ಟು ಜನ ನೋಡಿದರು ಅನ್ನುವುದರಿಂದ ಆಗುತ್ತದೆ ಅಂತ ಅವರು ತೋರಿಸಿದರು. ಹತ್ತು ಜನರ ಹತ್ತು ಅನಿಸಿಕೆ ಒಂದೇ ಕಡೆ ಬೊಟ್ಟು ಮಾಡಿದರೆ ಅದನ್ನು ಸುಮ್ನೆ ಅನಿಸಿಕೆ ಅಂತ ಕರೆಯಲು ಬರುವುದಿಲ್ಲ ಅಲ್ವಾ?

ಆದರೂ ನಮ್ಮ ಕಣ್ಣಿಗೂ ಚಟಗಳಿವೆ. ಒಂದು ಗುಣ ಇಷ್ಟವಾದರೆ ಉಳಿದ ಎಲ್ಲ ಗುಣಗಳಿಗೂ ಅಂಕ ಏರಿಸುವ ಚಟವನ್ನು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಗುರುತಿಸಿ ಹೇಲೋ ಎಫೆಕ್ಟ್ ಅಂದರು. ಚೆನ್ನಾಗಿ ಮಾತಾಡುವ ವಿದ್ಯಾರ್ಥಿಯ ಕೈಕೆಲಸಕ್ಕೂ ಜಾಸ್ತಿ ಅಂಕ ಬೀಳುವುದು ಹೀಗೆ. ಮೊದಲು ಬಂದವರು ತೀರಾ ಕಳಪೆ ಮಾಡಿದರೆ ಆಮೇಲೆ ಬಂದ ಸಾಧಾರಣದವರೂ ಚಿನ್ನದ ಹಾಗೆ ಕಾಣುತ್ತಾರೆ. ಕೆಲವರು ಹುಟ್ಟಾ ಬಿಗಿ ಕೈಯವರು, ಕೆಲವರು ಧಾರಾಳಿಗಳು. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಮದ್ದು ಎರಡು. ಒಂದು, ಮೊದಲು ಕಂಡದ್ದನ್ನು ಬರೆಯಿರಿ, ಆಮೇಲೆ ಅಂಕ ಹಾಕಿ. ಎರಡು, ವಾರ್ಡಿನಲ್ಲಿ ಕಲಿಸುವವರೆಲ್ಲ ಸೇರಿ ಒಂದೇ ವಿಡಿಯೊ ನೋಡಿ, ಬೇರೆ ಬೇರೆಯಾಗಿ ಅಂಕ ಕೊಟ್ಟು, ಆಮೇಲೆ ಚೀಟಿ ಬಿಚ್ಚಿ ಮಾತಾಡಿ. ಒಂದೇ ಕೆಲಸಕ್ಕೆ ಒಬ್ಬರು ನಾಲ್ಕು, ಇನ್ನೊಬ್ಬರು ಎಂಟು ಕೊಟ್ಟಿರುತ್ತಾರೆ. "ಯಾಕೆ ನಾಲ್ಕು?" ಅಂತ ಶುರುವಾಗುವ ಆ ಚರ್ಚೆಯಲ್ಲಿ "ಚೆನ್ನಾಗಿ ಮಾಡುವುದು ಅಂದರೆ ಏನು" ಅನ್ನುವುದು ಎಲ್ಲರಿಗೂ ಒಂದೇ ಆಗುತ್ತಾ ಬರುತ್ತದೆ. ಯಾವ ಫಾರಂ ಬದಲಾಯಿಸಿದರೂ ಇಷ್ಟು ಲಾಭ ಆಗುವುದಿಲ್ಲ.

ಬರೆಯುವುದು ಅಂದೆ. ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ನಿಮ್ಮ ಪ್ರಶ್ನೆಯ ಗಂಟು ಇರುವುದೇ ಇಲ್ಲಿ. ಫಾರಂಗಳಲ್ಲಿ ಸಾಮಾನ್ಯವಾಗಿ ಇರುವ ಮಾತು: "ಗುಡ್. ಇನ್ನೂ ಸುಧಾರಿಸಬೇಕು. ಜಾಸ್ತಿ ಓದಬೇಕು." ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ವಿದ್ಯಾರ್ಥಿಗೂ ಏನೂ ತಿಳಿಯದು, ನಾಳೆ ಫೇಲ್ ಯಾಕೆ ಅಂತ ಯಾರಾದರೂ ಕೇಳಿದರೆ ನಿಮ್ಮ ಕೈಗೂ ಏನೂ ಸಿಗದು. ಇದನ್ನು ನೋಡಿ: "ಉಸಿರಾಟದ ತೊಂದರೆ ಇರುವ ರೋಗಿ. ತನ್ನ ಹೆಸರು ಹೇಳಲಿಲ್ಲ. ಮೊದಲ ಎರಡು ನಿಮಿಷದಲ್ಲಿ ರೋಗಿಯ ಮಾತನ್ನು ನಾಲ್ಕು ಸಲ ಅರ್ಧಕ್ಕೆ ತಡೆದರು. ರೋಗಿ 'ರಾತ್ರಿ ಭಯ ಆಗುತ್ತೆ' ಅಂದಾಗ ಉತ್ತರ ಕೊಡದೆ ಮುಂದಿನ ಪ್ರಶ್ನೆಗೆ ಹೋದರು. ಎದೆ ಪರೀಕ್ಷೆಯನ್ನು ಅಂಗಿಯ ಮೇಲಿಂದ ಮಾಡಿದರು. ಕೇಳಿದ್ದಕ್ಕೆ ಹೃದಯ ವೈಫಲ್ಯದ ಕಾರಣಗಳನ್ನು ಸರಿಯಾಗಿ ಪಟ್ಟಿ ಮಾಡಿದರು." ಇದರಲ್ಲಿ ಬೈಗುಳ ಇಲ್ಲ, ಹೊಗಳಿಕೆ ಇಲ್ಲ, "ಅಹಂಕಾರಿ" "ಆಸಕ್ತಿ ಇಲ್ಲ" ಅನ್ನುವ ಹಣೆಪಟ್ಟಿ ಇಲ್ಲ. ಓದಿದ ಯಾರಿಗಾದರೂ ಅಲ್ಲಿ ಏನಾಯಿತು ಅಂತ ಕಾಣುತ್ತದೆ. ಇಂಥ ಐದು ಹಾಳೆ, ಮೂರು ಬೇರೆ ಬೇರೆ ಸಹಿ ಇದ್ದರೆ ನಿಮ್ಮ "ಏನೋ ಸರಿ ಇಲ್ಲ"ಕ್ಕೆ ಒಂದು ಆಕಾರ ಬಂತು ಅಂತ ಲೆಕ್ಕ.

ಇನ್ನು ಹತ್ತರ ಅಂಕದ ಬದಲು ಯಾವ ಅಳತೆ ಬಳಸಬಹುದು? ನನ್ನ ಒಲವು ನಂಬಿಕೆಯ ಅಳತೆಯ ಕಡೆಗೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನ ಓಲೆ ಟೆನ್ ಕಾಟೆ 2005ರಲ್ಲಿ ಈ ದಾರಿ ತೋರಿಸಿದರು. ಅವರ ವಿಚಾರ ಇಷ್ಟೇ: ವೃತ್ತಿಯನ್ನು ನಂಬಿ ಒಪ್ಪಿಸಬಹುದಾದ ಕೆಲಸಗಳಾಗಿ ಬಿಡಿಸಿ. ಹೊಸ ರೋಗಿಯನ್ನು ಅಡ್ಮಿಟ್ ಮಾಡಿಕೊಳ್ಳುವುದು, ಡ್ಯೂಟಿ ಬದಲಾಗುವಾಗ ರೋಗಿಯನ್ನು ಒಪ್ಪಿಸುವುದು, ಡಿಸ್ಚಾರ್ಜ್ ಹೊತ್ತಿನಲ್ಲಿ ಔಷಧಿ ತಿಳಿಸಿಹೇಳುವುದು, ಹೀಗೆ. ಆಮೇಲೆ ಪ್ರತಿ ಕೆಲಸಕ್ಕೂ ಕೇಳಿ: ಇವರು ಬರೀ ನೋಡಬಹುದಾ? ನಾನು ಪಕ್ಕದಲ್ಲಿದ್ದರೆ ಮಾಡಬಹುದಾ? ಕರೆದರೆ ಬರುವಷ್ಟು ದೂರದಲ್ಲಿದ್ದರೆ ಸಾಕಾ? ಒಬ್ಬರನ್ನೇ ಬಿಡಬಹುದಾ? ಬೇರೆಯವರಿಗೆ ಇವರೇ ಕಲಿಸಬಹುದಾ? ಐದೇ ಮೆಟ್ಟಿಲು. ವಾರ್ಡಿನಲ್ಲಿ ಕಲಿಸುವವರೆಲ್ಲರೂ ಈ ತೀರ್ಮಾನವನ್ನು ದಿನಾ ಮಾಡುತ್ತಲೇ ಇರುತ್ತಾರೆ. ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಯಾರ ಮಾತು ಕೇಳಿ ಮತ್ತೆ ಮಲಗಬಹುದು, ಯಾರ ಫೋನ್ ಬಂದರೆ ಎದ್ದು ಓಡಬೇಕು ಅಂತ ನಿಮಗೆ ಚೆನ್ನಾಗಿ ಗೊತ್ತು. "ಹತ್ತಕ್ಕೆ ಎಷ್ಟು" ಅಂದರೆ ಕೈ ನಡುಗುತ್ತದೆ. "ಇವನನ್ನು ಒಬ್ಬನೇ ಕಳಿಸುತ್ತೀರಾ" ಅಂದರೆ ಉತ್ತರ ತಕ್ಷಣ ಬರುತ್ತದೆ.

ಹೀಗೆ ಕೇಳಿದಾಗ ಇನ್ನೊಂದು ವಿಷಯ ಬೆಳಕಿಗೆ ಬರುತ್ತದೆ. ನಂಬಿಕೆ ಜ್ಞಾನ ಒಂದರಿಂದಲೇ ಹುಟ್ಟುವುದಿಲ್ಲ. ನೋಡದ್ದನ್ನು ನೋಡಿದೆ ಅನ್ನದಿರುವುದು, ಹೇಳಿದ ಹೊತ್ತಿಗೆ ಬರುವುದು, ತನ್ನ ಮಿತಿ ತಿಳಿದು ಸಹಾಯ ಕೇಳುವುದು, ಇವೂ ಬೇಕು. ವೈವಾದಲ್ಲಿ "ಗೊತ್ತಿಲ್ಲ ಮೇಡಂ" ಅಂದವಳಿಗೆ ಅಂಕ ಹೋಗುತ್ತದೆ. ವಾರ್ಡಿನಲ್ಲಿ "ಈ ಡೋಸ್ ನನಗೆ ಖಚಿತ ಇಲ್ಲ, ಒಮ್ಮೆ ನೋಡ್ತೀರಾ" ಅಂತ ಬಂದವಳ ಮೇಲೆ ನಂಬಿಕೆ ಹೆಚ್ಚುತ್ತದೆ. ನಮ್ಮ ಅಂಕಪದ್ಧತಿ ಎಷ್ಟೋ ಸಲ ಗೊತ್ತಿಲ್ಲದ್ದನ್ನು ಮುಚ್ಚಿಡುವವರಿಗೇ ಬಹುಮಾನ ಕೊಡುತ್ತಿದೆ. ಇದು ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚುತ್ತದೆ, ಯಾಕೆಂದರೆ ಅದರ ಬೆಲೆ ತೆರುವುದು ರೋಗಿಗಳು. ನಿಮ್ಮ ವಿದ್ಯಾರ್ಥಿ ಒಮ್ಮೆಯಾದರೂ "ಗೊತ್ತಿಲ್ಲ" ಅಂದಿದ್ದಾನಾ? ಯೋಚಿಸಿ ನೋಡಿ.

ನೋಡಿದ್ದನ್ನು ಅವನ ಹತ್ತಿರ ಮಾತಾಡಲೇಬೇಕು, ಅದೂ ಅವತ್ತೇ. ರೋಗಿಯ ಮುಂದೆ ಬೇಡ, ಜೊತೆಯವರ ಮುಂದೂ ಬೇಡ. ಕಾರಿಡಾರಿನ ತುದಿ ಸಾಕು. "ಹೇಗಾಯ್ತು ಅನಿಸಿತು?" ಅಂತ ಅವನಿಂದಲೇ ಶುರು ಮಾಡಿ. ಆಮೇಲೆ ಕಂಡದ್ದನ್ನು ಹೇಳಿ: "ರಾತ್ರಿ ಭಯ ಆಗುತ್ತೆ ಅಂದ್ರು. ಆಗ ನೀನು 'ಕಾಲು ಊದಿಕೊಂಡಿದೆಯಾ' ಅಂತ ಕೇಳಿದೆ. ಆ ಕ್ಷಣ ನಿನ್ನ ತಲೇಲಿ ಏನಿತ್ತು?" ಉತ್ತರ ಕೇಳಿದರೆ ಆಶ್ಚರ್ಯ ಆಗಬಹುದು. "ಪ್ರಶ್ನೆ ಮರೆತುಹೋದರೆ ಅಂತ ಭಯ ಆಯ್ತು ಸರ್" ಅನ್ನುವ ಹುಡುಗನೂ, "ಅದು ಮುಖ್ಯ ಅನಿಸಲಿಲ್ಲ" ಅನ್ನುವ ಹುಡುಗನೂ ಹೊರಗಿನಿಂದ ಒಂದೇ ಥರ ಕಾಣುತ್ತಾರೆ. ಒಬ್ಬನಿಗೆ ಅಭ್ಯಾಸ ಬೇಕು, ಇನ್ನೊಬ್ಬನ ಜೊತೆ ಬೇರೆಯೇ ಮಾತು ಬೇಕು. ಕೊನೆಗೆ ತಿದ್ದಿಕೊಳ್ಳಲು ಒಂದೇ ಒಂದು ವಿಷಯ ಕೊಡಿ, "ಮುಂದಿನ ರೋಗಿ ಮಾತು ಮುಗಿಸುವ ತನಕ ಮಧ್ಯೆ ಬಾಯಿ ಹಾಕಬೇಡ" ಅನ್ನುವಷ್ಟು ಚಿಕ್ಕದು. ಒಟ್ಟಿಗೆ ಏಳೆಂಟು ಹೇಳಿದರೆ ಒಂದೂ ಉಳಿಯುವುದಿಲ್ಲ.

ಈ ಹಾಳೆಗಳು ಒಂದೊಂದೂ ಪಾಸು ಫೇಲಿಗೆ ಲೆಕ್ಕ ಆಗುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಪ್ರತಿ ಹಾಳೆಯೂ ಪರೀಕ್ಷೆ ಅಂತ ಆದರೆ ವಿದ್ಯಾರ್ಥಿಗಳು ಸುಲಭದ ರೋಗಿಯನ್ನೂ ಧಾರಾಳಿ ಮೇಷ್ಟ್ರನ್ನೂ ಹುಡುಕಿಕೊಂಡು ಹೋಗುತ್ತಾರೆ. ಅದು ಅವರ ತಪ್ಪಲ್ಲ, ಯಾರೇ ಆದರೂ ಹಾಗೇ ಮಾಡುತ್ತಾರೆ. ಒಂದೊಂದು ಹಾಳೆ ಕಲಿಯಲು, ಎಲ್ಲ ಹಾಳೆ ಸೇರಿದಾಗ ಮಾತ್ರ ತೀರ್ಮಾನಕ್ಕೆ. ವಾನ್ ಡರ್ ವ್ಲೂಟನ್ ಗುಂಪು ಇದನ್ನೇ ಪೂರ್ತಿ ಕೋರ್ಸಿಗೆ ಹಿಗ್ಗಿಸಿ ಪ್ರೋಗ್ರಮ್ಯಾಟಿಕ್ ಅಸೆಸ್‌ಮೆಂಟ್ ಅನ್ನುವ ವ್ಯವಸ್ಥೆ ಕಟ್ಟಿತು. ನಿಮ್ಮ ಒಂದು ವಾರ್ಡಿನ ಮಟ್ಟದಲ್ಲೂ ಅದೇ ನಿಯಮ ನಡೆಯುತ್ತದೆ.

ನೋಡುವವರು ವೈದ್ಯರೇ ಆಗಬೇಕೆಂದಿಲ್ಲ. ವಾರ್ಡಿನ ಸೀನಿಯರ್ ನರ್ಸ್‌ಗಳಿಗೆ, ನೀವಿಲ್ಲದಾಗ ಅವನು ಹೇಗಿರುತ್ತಾನೆ ಅನ್ನುವುದು ಗೊತ್ತಿರುತ್ತದೆ. ಫಿಸಿಯೋಥೆರಪಿಸ್ಟ್, ಫಾರ್ಮಸಿಸ್ಟ್, ರೋಗಿಗಳು, ಎಲ್ಲರ ಹತ್ತಿರವೂ ಒಂದೊಂದು ತುಣುಕು ಇರುತ್ತದೆ. ಕೇಳುವಾಗ "ಹುಡುಗ ಹೇಗೆ?" ಅಂತ ಕೇಳಬೇಡಿ. "ಒಳ್ಳೆಯವನು" ಅನ್ನುವ ಉತ್ತರ ಬರುತ್ತದೆ. "ನೀವು ಕರೆದಾಗ ಏನು ಮಾಡಿದ?" ಅಂತ ಕೇಳಿ.

ಫೇಲ್ ಮಾಡುವ ಹೆದರಿಕೆ ಬಗ್ಗೆ ಎರಡು ಮಾತು. ಫೇಲ್ ಆಗಬೇಕಾದವರನ್ನು ಪಾಸ್ ಮಾಡಿ ಕಳಿಸುವುದು ಎಷ್ಟೋ ದೇಶಗಳಲ್ಲಿ ಅಧ್ಯಯನ ಮಾಡಿ ದಾಖಲಿಸಿರುವ ಸಮಸ್ಯೆ. ಕಾರಣಗಳೂ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ: ಬರೆದಿಟ್ಟದ್ದು ಇಲ್ಲ, ಏನು ಬರೆಯಬೇಕು ಅಂತ ಗೊತ್ತಿಲ್ಲ, ಮೇಲ್ಮನವಿ ಬಂದರೆ ಅನ್ನುವ ಅಳುಕು, ಫೇಲಾದವರಿಗೆ ತಿದ್ದಿಕೊಳ್ಳುವ ದಾರಿ ಇಲ್ಲ. ನಾಲ್ಕಕ್ಕೂ ಈಗಿನಿಂದಲೇ ಕೆಲಸ ಮಾಡಬಹುದು. ಮುಖ್ಯವಾಗಿ, ವಿದ್ಯಾರ್ಥಿಗೆ ಕೊನೆಯ ದಿನ ಆಘಾತ ಆಗಬಾರದು. ಈ ವಾರವೇ ಕೂರಿಸಿಕೊಂಡು, "ಇವತ್ತಿನ ಸ್ಥಿತಿಯಲ್ಲಿ ನಿನ್ನನ್ನು ರೋಗಿಯ ಹತ್ತಿರ ಒಬ್ಬನೇ ಕಳಿಸಲು ನಾನು ಸಿದ್ಧ ಇಲ್ಲ, ಕಾರಣ ಇದು, ಮುಂದಿನ ಎರಡು ವಾರದಲ್ಲಿ ನಾನು ನೋಡುವುದು ಇದನ್ನು" ಅಂತ ಬಿಡಿಸಿ ಹೇಳಿ. ಹೇಳಿದ್ದನ್ನು ಬರೆದು ಇಬ್ಬರೂ ಸಹಿ ಮಾಡಿ. ಮನೆಯಲ್ಲಿ ಏನಾದರೂ ಕಷ್ಟ ಇದೆಯಾ, ನಿದ್ದೆ ಸರಿ ಇದೆಯಾ, ರೋಗಿಗಳ ಭಾಷೆ ಅವನಿಗೆ ಹಿಡಿತಕ್ಕೆ ಬಂದಿದೆಯಾ, ಇದನ್ನೂ ಕೇಳಿ. ರೋಗಿ ಜೊತೆ ಕಣ್ಣು ಕೊಟ್ಟು ಮಾತಾಡದಿರುವುದಕ್ಕೆ ಭಾಷೆ ಬಾರದ ಮುಜುಗರವೇ ಕಾರಣ ಆಗಿದ್ದರೆ ಅದನ್ನು "ನಡವಳಿಕೆ" ಕಾಲಂನಲ್ಲಿ ಶಿಕ್ಷಿಸುವುದು ಅನ್ಯಾಯ.

ಕೊನೆಯ ತೀರ್ಮಾನ ನೀವೊಬ್ಬರೇ ಹೊರಬೇಡಿ. ಹಾಳೆಗಳನ್ನು ವಿಭಾಗದ ಇಬ್ಬರು ಮೂವರ ಮುಂದೆ ಇಡಿ. ಅವರಲ್ಲಿ ಒಬ್ಬರಾದರೂ ಅವನಿಗೆ ಕಲಿಸದವರಿರಲಿ, ಅವರು ಬರೀ ಬರಹ ಓದಿ ಏನು ಹೇಳುತ್ತಾರೆ ಅನ್ನುವುದಕ್ಕೆ ತೂಕ ಇದೆ. ನಿಮ್ಮ ಕೆಲಸ ಸಾಕ್ಷಿ ಹೇಳುವುದು, ತೀರ್ಪು ಸಮಿತಿಯದ್ದು.

ಎರಡು ವಾರದ ಲೆಕ್ಕ ಹೀಗೆ ಹಾಕಿಕೊಳ್ಳಿ. ನಿಮ್ಮ ಕಣ್ಣಿಂದ ನಾಲ್ಕು, ಬೇರೆ ಇಬ್ಬರು ಸಹೋದ್ಯೋಗಿಗಳಿಂದ ಎರಡೆರಡು. ಅದರಲ್ಲಿ ಒಂದಾದರೂ ಕೈಕೆಲಸ ಇರಲಿ, ಒಂದಾದರೂ ಕೆಟ್ಟ ಸುದ್ದಿ ಅಥವಾ ಕಷ್ಟದ ವಿಷಯ ತಿಳಿಹೇಳುವುದು ಇರಲಿ, ಒಂದು ಮಾತು ಕಡಿಮೆ ಆಡುವ ರೋಗಿಯದ್ದಿರಲಿ. ಸಹೋದ್ಯೋಗಿಗಳಿಗೆ ನಿಮ್ಮ ಅನುಮಾನ ಏನು ಅಂತ ಮುಂಚೆ ಹೇಳಬೇಡಿ, ಹೇಳಿದರೆ ಅವರಿಗೂ ಅದೇ ಕಾಣುತ್ತದೆ. ಎಂಟು ಹಾಳೆ ಮೇಜಿನ ಮೇಲೆ ಹರಡಿದಾಗ ಮೂರರಲ್ಲಿ ಒಂದು ನಡೆಯಬಹುದು: ದೋಷ ಎದ್ದು ಕಾಣಬಹುದು, ಅವನು ತಿದ್ದಿಕೊಂಡಿರುವುದು ಕಾಣಬಹುದು, ಅಥವಾ ನಿಮ್ಮ ಅನುಮಾನಕ್ಕೆ ಬುಡವೇ ಇಲ್ಲ ಅಂತ ಕಾಣಬಹುದು. ಮೂರಕ್ಕೂ ಮನಸ್ಸು ತೆರೆದಿಟ್ಟುಕೊಳ್ಳಿ.

ಆ ಫಾರಂ ಬಂದಾಗ, ನೀವು ಕಂಡದ್ದಕ್ಕೆ ಮಾತ್ರ ಅಂಕ ಹಾಕಿ. ಅವನ ಜೊತೆಯವರ ಫಾರಂನಲ್ಲೂ ಅಷ್ಟೇ. ನೋಡದ ಅಂಶದ ಮುಂದೆ ಏಳು ಬರೆಯುವ ಬದಲು "ನೋಡಲು ಅವಕಾಶ ಆಗಲಿಲ್ಲ" ಅಂತ ಬರೆಯಿರಿ. ಫಾರಂನಲ್ಲಿ ಅಂಥ ಆಯ್ಕೆ ಇಲ್ಲದಿದ್ದರೆ ಪಕ್ಕದ ಖಾಲಿ ಜಾಗದಲ್ಲಿ ಬರೆದು, ಆ ಆಯ್ಕೆಯನ್ನು ಸೇರಿಸಿ ಅಂತ ವಿಭಾಗಕ್ಕೆ ಒಂದು ಪತ್ರ ಕೊಡಿ. ಎಷ್ಟು ಫಾರಂಗಳಲ್ಲಿ ಯಾವ ಕಾಲಂ ಹೀಗೆ ಉಳಿದಿದೆ ಅಂತ ಎಣಿಸಿದರೆ ಮುಂದಿನ ಬ್ಯಾಚಿಗೆ ಯಾವುದನ್ನು ಮೊದಲು ನೋಡಬೇಕು ಅಂತ ನಿಮಗೇ ಗೊತ್ತಾಗುತ್ತದೆ.